ಚೈನ್ ನೋಡುವಾಗ ಕೂತವರು

ಆ ಭಾನುವಾರ ಬೆಳಿಗ್ಗೆ ನಾನು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ಗಾಡಿಯ ಮೇಲೆ ಕೂತಿದ್ದೆ. ಪ್ರತಿ ಪ್ರಯಾಣಕ್ಕೂ ಮುಂಚೆ ನಮ್ಮವರು ನನ್ನನ್ನು ಹಾಗೆ ಕೂರಿಸುತ್ತಿದ್ದರು. ಮೋಟರ್‌ಸೈಕಲ್ಲಿನ ಚೈನ್ ಎಷ್ಟು ಬಿಗಿ ಇದೆ ಅಂತ ನೋಡಬೇಕಾದರೆ ಮೇಲೆ ಒಬ್ಬರು ಕೂತಿರಬೇಕು ಅನ್ನುವುದು ಅವರ ನಿಯಮ. ಭಾರ ಬಿದ್ದಾಗ ಗಾಡಿ ಕೆಳಗೆ ಇಳಿಯುತ್ತದೆ, ಆಗ ಚೈನ್ ಇನ್ನಷ್ಟು ಬಿಗಿಯುತ್ತದೆ. ಖಾಲಿ ಗಾಡಿಯಲ್ಲಿ ಸರಿಯಾಗಿ ಕಂಡದ್ದು, ಮನುಷ್ಯ ಕೂತ ಮೇಲೆ ತಂತಿಯಂತೆ ಸೆಟೆದು ದಾರಿಯಲ್ಲಿ ಹರಿದುಬಿಡಬಹುದು. ಹಾಗಾಗಿ ನಮ್ಮ ಮನೆಯಲ್ಲಿ ನಾನೇ ತೂಕದ ಕಲ್ಲು.

ಅವತ್ತು ಬಸು ಮತ್ತು ಇರ್ಫಾನ್ ಬಂದಿದ್ದರು. ಇಬ್ಬರೂ ನಮ್ಮ ಹಾಗೇ ದುಡಿಯಲು ಇಲ್ಲಿಗೆ ಬಂದ ನಮ್ಮ ಊರ ಕಡೆಯವರೇ. ಬಸು ಕುಂಕಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ, ಇರ್ಫಾನ್‌ಗೆ ಫೋಂಡಾದಲ್ಲಿ ಸಣ್ಣ ಅಂಗಡಿ. ರಜೆ ಸಿಕ್ಕಾಗಲೆಲ್ಲ ನಮ್ಮವರೂ ಸೇರಿ ಈ ಮೂವರೂ ಗಾಡಿ ತೆಗೆದುಕೊಂಡು ಚೋರ್ಲಾ ಘಾಟಿಗೋ ಅನಮೋಡಿಗೋ ಹೋಗಿಬಿಡುವವರು.

"ವೈನಿ, ಮುಂಜಾನಿ ಎಷ್ಟ ರೊಟ್ಟಿ ತಿಂದ್ರಿ, ಮೊದಲ ಹೇಳ್ರಿ," ಅಂದ ಬಸು. "ಅದನ್ನ ನೋಡಿ ಚೈನ್ ಬಿಗಿ ಮಾಡಬೇಕಾಗ್ತೈತಿ."

"ನೀವ ಬಂದ್ರಂದ್ರ ನಮಗ ರೊಟ್ಟಿ ಎಲ್ಲಿ ಉಳೀತಾವ್ರಿ?" ಅಂದೆ.

ಇರ್ಫಾನ್ ಜೋರಾಗಿ ನಕ್ಕ. ಬಸು ಅವನ ಕಡೆ ತಿರುಗಿದ. "ಭಾಳ ನಗಬ್ಯಾಡೋ. ಯಾರನ್ನೂ ಕುಂಡರಸದ ಚೈನ್ ಬಿಗಿ ಮಾಡಿ, ಘಾಟಿನ್ಯಾಗ ಹರಕೊಂಡು, ಹೆಂಡ್ತೀನ್ನ ನಡಸ್ಕೊಂಡು ಬಂದಾಂವ ನೀನ."

"ಮಾರಾಯಾ, ಅಕಿನ ಮರತಾಳ, ನೀ ಮರೀವಲ್ಲಿ! ಮೊದಲ ನಿನ್ನ ಇಂಜಿನ್ ಎಣ್ಣಿ ನೋಡ್ಕೋ. ಮಿರ್ಚಿ ಭಜಿ ಕರದ ಎಣ್ಣಿ ಆಗೇತಿ."

ನಮ್ಮವರು ಚೈನಿನ ಕೆಳಗೆ ಬೆರಳಿಟ್ಟು ಕೂತಿದ್ದರು. "ಏ, ನಗಬ್ಯಾಡ. ನೀ ಅಲಗ್ಯಾಡಿದ್ರ ನನಗ ತಿಳಿಯೂದಿಲ್ಲ," ಅಂದರು ನನಗೆ. ಆಮೇಲೆ, "ಆತು, ಇಳಿ."

ಮೂವರೂ ಹೋದರು, ಸಂಜೆ ಸುಖವಾಗಿ ವಾಪಸು ಬಂದರು. ನಮ್ಮವರು ಉಂಡು ಮಲಗಿದರು. ಮರುದಿನ ಸೋಮವಾರ ನಾನು ನಳದ ಹತ್ತಿರ ನೀರಿಗೆ ನಿಂತಿದ್ದಾಗ ಕೆಲಸಕ್ಕೆ ಹೊರಟುಹೋದರು. ಅವರು ಬಂದರಿನ ಕಡೆ ಟ್ರಕ್ ಓಡಿಸುತ್ತಿದ್ದರು. ಟ್ರಕ್ಕುಗಳ ಸಾಲಿನಲ್ಲಿ ತಮ್ಮ ಸರದಿ ಕಾಯುತ್ತಾ ಸ್ಟೇರಿಂಗ್ ಮೇಲೆ ತಲೆ ಇಟ್ಟರಂತೆ. ಸಾಲು ಮುಂದೆ ಸರಿದರೂ ಅವರ ಟ್ರಕ್ ಸರಿಯಲಿಲ್ಲ. ನಿದ್ದೆ ಹತ್ತಿರಬೇಕು ಅಂತ ಹಿಂದಿನವರು ಬಹಳ ಹೊತ್ತು ಹಾರ್ನ್ ಹೊಡೆದರಂತೆ. ಎದೆ ನಿಂತುಹೋಗಿತ್ತು.

ಇನ್ನು ಮುಂದಿನದನ್ನು ಹೇಳುವ ಮೊದಲು ಒಂದು ಮಾತು. ಸತ್ತವರು ಬಂದರು, ಕಂಡರು ಅನ್ನುವ ಮಾತುಗಳನ್ನು ನಾನು ಯಾವತ್ತೂ ನಂಬಿದವಳಲ್ಲ. ನಾವಿರುವ, ಬಂದರಿನ ಪಕ್ಕದ ಸಡಾದಲ್ಲಿ, ಓಣಿಯ ಹೆಂಗಸರು ಅಂಥದನ್ನು ಹೇಳಲು ಕೂತರೆ ನಾನು ಕೊಡ ಎತ್ತಿಕೊಂಡು ಎದ್ದುಬಿಡುತ್ತಿದ್ದೆ. ನಂಬದವರು ಈಗಲೂ ನನ್ನ ಮಾತನ್ನು ನಂಬಬೇಕಿಲ್ಲ. ಆದದ್ದನ್ನು ಆದಷ್ಟೇ ಹೇಳುತ್ತೇನೆ.

ಅವರನ್ನು ಊರಿಗೆ ಒಯ್ದು ಮಣ್ಣು ಮಾಡಿ ಬಂದ ಮೇಲೆ ಗಾಡಿ ಗೋಡೆಯ ಪಕ್ಕ ಪ್ಲಾಸ್ಟಿಕ್ ಹಾಳೆಯ ಕೆಳಗೆ ನಿಂತೇ ಇತ್ತು. ಬಸು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. "ವೈನಿ, ಆಗಾಗ ಚಾಲೂ ಮಾಡಿ ಬಿಡ್ರಿ. ಬ್ಯಾಟರಿ ಸಾಯ್ತೈತಿ. ಟ್ಯಾಂಕಿನ್ಯಾಗಿನ ಪೆಟ್ರೋಲ್ ಕೆಡತೈತಿ. ಇಲ್ಲಿ ಉಪ್ಪಿನ ಗಾಳಿ, ಕಬ್ಬಿಣ ಉಳಿಯೂದಿಲ್ರಿ." ಮೊದಲು ಅವರ ಗುಂಪಿನಲ್ಲಿ ನಮ್ಮವರೇ ಇಂಥ ಬುದ್ಧಿಮಾತು ಹೇಳುವವರಾಗಿದ್ದರು. ಅದೇ ಮಾತುಗಳು ಬಸುವಿನ ಬಾಯಲ್ಲಿ ಕೇಳಿಸಿದಾಗ ನಾನು ಫೋನನ್ನು ಮಗುಚಿ ಇಟ್ಟುಬಿಡುತ್ತಿದ್ದೆ. ಗಾಡಿ ಚಾಲೂ ಮಾಡಲು ನನ್ನ ಕೈಯಿಂದ ಆಗಲಿಲ್ಲ. ಆ ಸಪ್ಪಳ ಕೇಳಿದರೆ ಮಗಳು ಅಪ್ಪ ಬಂದ ಅಂತ ಹೊರಗೆ ಓಡಿಬಂದಾಳು ಅನ್ನುವ ಹೆದರಿಕೆ.

ಮಳೆಗಾಲ ಹತ್ತಿರ ಬಂತು. ಇರ್ಫಾನ್ ಒಂದು ದಿನ ಬಂದು, ಫೋಂಡಾದಲ್ಲಿ ಒಬ್ಬರು ಗಾಡಿ ಕೊಳ್ಳಲು ಕೇಳುತ್ತಿದ್ದಾರೆ ಅಂದ. "ಚಲೋ ಮನಷ್ಯಾ ಅದಾನ್ರಿ ಅಕ್ಕಾ. ಓಡಸಾಂವ, ನಿಲ್ಲಿಸಿ ಇಡಾಂವ ಅಲ್ಲ." ಒಪ್ಪಿಕೊಂಡೆ. ಮರುದಿನ ಬೇಡ ಅಂದೆ. ಮತ್ತೆ ಒಪ್ಪಿಕೊಂಡೆ. ಗಾಡಿ ಇಟ್ಟುಕೊಂಡರೆ ಕಣ್ಣೆದುರೇ ತುಕ್ಕು ಹಿಡಿಯುತ್ತದೆ. ಕೊಟ್ಟರೆ ಅವರನ್ನು ಇನ್ನೊಮ್ಮೆ ಮನೆಯಿಂದ ಕಳಿಸಿದಂತೆ. ಯಾವುದು ಸರಿ ಅಂತ ಹೇಳುವವರು ನನಗೆ ಯಾರೂ ಇರಲಿಲ್ಲ. ಹೇಳಬೇಕಾದವರೇ ಹೋಗಿದ್ದರು.

ಕೊನೆಗೆ ಒಂದು ದಿನ ಗಾಡಿ ಒಯ್ಯಲು ಬಸು, ಇರ್ಫಾನ್ ಇಬ್ಬರೂ ಸಂಜೆಗೆ ಬರುವವರಿದ್ದರು. ಮಧ್ಯಾಹ್ನ ಊಟ ಸೇರಲಿಲ್ಲ. ಮಗಳು ಶಾಲೆಯಲ್ಲಿದ್ದಳು. ಕೊಡುವುದೇ ಆದರೆ ಅವರು ಕೊಡುತ್ತಿದ್ದ ಹಾಗೆ ಕೊಡಬೇಕು ಅನ್ನಿಸಿ ಹಾಳೆ ಸರಿಸಿ ಕೂತೆ. ಹಳೇ ಬ್ರಶ್ಶಿಗೆ ಸೀಮೆಎಣ್ಣೆ ಹಚ್ಚಿ ಚೈನ್ ತಿಕ್ಕಿದೆ. ಅರಿವೆಯಿಂದ ಒರೆಸಿ ಎಣ್ಣೆ ಬಿಟ್ಟೆ. ಚೈನ್ ಜೋತು ಬಿದ್ದಿತ್ತು. ಪಾನಾ ಕೊಡು, ಹಿಡಿ, ಇಡು ಅಂತ ಅವರು ಮಾಡಿಸಿಕೊಳ್ಳುತ್ತಿದ್ದುದನ್ನು ನೋಡಿ ನೋಡಿ ನನಗೂ ಕೆಲಸ ಗೊತ್ತಿತ್ತು. ಹಿಂದಿನ ಗಾಲಿಯ ದೊಡ್ಡ ನಟ್ಟು ಬಿಡಲೊಲ್ಲದು. ನಟ್ಟಿಗೆ ಹಾಕಿದ ಪಾನಾದ ಮೇಲೆ ಕಾಲಿಟ್ಟು ನಿಂತು ಸಡಿಲ ಮಾಡಿದೆ. ಎರಡೂ ಕಡೆಯ ಸಣ್ಣ ನಟ್ಟುಗಳನ್ನು ಸಮನಾಗಿ ತಿರುಗಿಸುತ್ತಾ ಬಂದೆ. ಕೆಳಗೆ ಬೆರಳಿಟ್ಟು ಎತ್ತಿ ನೋಡಿದೆ. ಸರಿಯಾಗಿದೆ ಅನ್ನಿಸಿತು. ಗಾಡಿಯ ಮೇಲೆ ಯಾರೂ ಕೂತಿಲ್ಲ ಅನ್ನುವುದು ನನ್ನ ತಲೆಗೇ ಬರಲಿಲ್ಲ. ಯಾವಾಗಲೂ ಕೂರುತ್ತಿದ್ದವಳು ನಾನೇ ಅಲ್ಲವೇ. ಇವತ್ತು ನಾನು ಕೆಳಗಿದ್ದೆ.

ಬೆರಳು ಇನ್ನೂ ಚೈನಿನ ಕೆಳಗೇ ಇತ್ತು. ಆಗ ಸೀಟಿನ ಕೆಳಗಿನ ಸ್ಪ್ರಿಂಗ್ ಸದ್ದು ಮಾಡಿತು. ಗಾಡಿಯ ಹಿಂಭಾಗ ಇಳಿಯಿತು. ಧೊಪ್ಪನೆ ಬಿದ್ದ ಹಾಗಲ್ಲ. ಯಾರೋ ಕಾಲು ದಾಟಿಸಿ ಮೆಲ್ಲಗೆ ಕೂತು, ಸರಿದು ಸರಿಯಾಗಿ ಕೂತ ಹಾಗೆ, ಎರಡು ಸಲ. ಮಡ್‌ಗಾರ್ಡ್ ಟಯರಿನ ಹತ್ತಿರ ಬಂತು. ಚೈನ್ ಸೆಟೆದು ನಿಂತಿತು. ಬೆರಳಿನಿಂದ ಎತ್ತಲು ನೋಡಿದೆ, ಕೂದಲಷ್ಟೂ ಮೇಲೆ ಬರಲಿಲ್ಲ.

ಕಥೆಗಳಲ್ಲಿ ಹೇಳುವ ಹಾಗೆ ತಣ್ಣನೆಯ ಗಾಳಿ ಬೀಸಲಿಲ್ಲ, ಯಾವ ವಾಸನೆಯೂ ಬರಲಿಲ್ಲ. ಬಿಸಿಲು ಚೆನ್ನಾಗಿಯೇ ಇತ್ತು. ಪಕ್ಕದ ಮನೆಯ ಕುಕ್ಕರ್ ಕೂಗುತ್ತಿತ್ತು. ಯಾರಾದರೂ ಕೂತಿದ್ದರೆ ನನ್ನ ಮುಖದ ಎದುರಿಗೇ ಅವರ ಕಾಲು ಕಾಣಬೇಕು. ಕಾಲಿಡುವ ಜಾಗ ಖಾಲಿ ಇತ್ತು. ತಲೆ ಎತ್ತಿದರೆ ಸೀಟು ಕಾಣುತ್ತಿತ್ತು. ನಾನು ಎತ್ತಲಿಲ್ಲ. ಹೆದರಿಕೆಯಿಂದಲ್ಲ. ಎತ್ತಿದರೆ ಅಲ್ಲಿ ಏನೂ ಇರುವುದಿಲ್ಲ ಅಂತ ನನಗೆ ಗೊತ್ತಿತ್ತು. ಎತ್ತದೇ ಇರುವಷ್ಟು ಹೊತ್ತು ಆ ಭಾರ ಅಲ್ಲಿ ಇರುತ್ತದೆ ಅನ್ನಿಸಿತು.

ಆಗಲೇ ನನಗೆ ತಿಳಿದದ್ದು, ಇರ್ಫಾನ್ ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ ಅಂತ. ಪಾನಾ ತೆಗೆದುಕೊಂಡು ಆ ಕಡೆ ಒಂದಿಷ್ಟು, ಈ ಕಡೆ ಒಂದಿಷ್ಟು ಸಡಿಲ ಮಾಡಿದೆ. ಕಣ್ಣು ನೆಲದ ಮೇಲೇ ಇಟ್ಟುಕೊಂಡು ಗಾಡಿಯ ಹಿಂದಿನಿಂದ ಸುತ್ತಿ ಹೋದೆ. ಮತ್ತೆ ಬೆರಳಿಟ್ಟು ನೋಡಿದೆ. ಇನ್ನೂ ಸ್ವಲ್ಪ ಬಿಟ್ಟೆ. ಚೈನ್ ಎಷ್ಟು ಮೇಲೆ ಬರಬೇಕೋ ಅಷ್ಟು ಬಂತು. ದೊಡ್ಡ ನಟ್ಟು ಬಿಗಿ ಮಾಡಿದೆ. ಮಾಡುವಾಗ ಅಳುತ್ತಿದ್ದೆ ಅಂತ ನೆನಪು. ಕೆಲಸ ಮುಗಿದ ಕೂಡಲೇ ಬಾಯಿಂದ ತಾನಾಗಿ ಮಾತು ಬಂತು.

"ಆತು, ಇಳೀರಿ."

ಗಾಡಿ ಮೇಲೆದ್ದಿತು.

ಬಸು ಮತ್ತು ಇರ್ಫಾನ್ ಬರುವವರೆಗೂ ನಾನು ಹೊಸ್ತಿಲ ಮೇಲೇ ಕೂತಿದ್ದೆ. ಬಸು ಬಂದವನೇ ರೂಢಿಯಂತೆ ಕೂತು ಚೈನಿಗೆ ಬೆರಳಿಟ್ಟ. "ಭಾಳ ಸಡಿಲ ಬಿಟ್ಟೀರಲ್ರಿ ವೈನಿ," ಅಂದು ಇರ್ಫಾನ್‌ನನ್ನು ಮೇಲೆ ಕೂರಿಸಿದ. ಇರ್ಫಾನ್ ಸಣಕಲು ಆಳು. "ಇಳಿಯೋ, ನಿನ್ನ ಭಾರಕ್ಕ ನೊಣಾನೂ ಏಳೂದಿಲ್ಲ," ಅಂತ ಅವನನ್ನು ಇಳಿಸಿ ತಾನೇ ಕೂತ. ಬಸುವಿನದು ನಮ್ಮವರ ಹಾಗೇ ತುಂಬಿದ ಮೈ. ಇರ್ಫಾನ್ ಬೆರಳಿಟ್ಟು ನೋಡಿ, "ಏ, ಈಗ ಬರೋಬ್ಬರಿ ಐತಲ್ಲೋ," ಅಂದ.

ಬಸು ಇಳಿದು ನನ್ನನ್ನು ನೋಡಿದ. "ಯಾರನ್ನ ಕುಂಡರಿಸಿದ್ರಿ ವೈನಿ?"

ನಾನು ಬೆರಳಿನ ಎಣ್ಣೆಯನ್ನು ಅರಿವೆಗೆ ಒರೆಸಿಕೊಂಡೆ. ಎಲ್ಲದಕ್ಕೂ ಒಂದು ನಗೆಚಾಟಿಕೆ ಇಟ್ಟುಕೊಂಡಿರುತ್ತಿದ್ದ ಬಸು ಅವತ್ತು ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದ.

"ಅಕ್ಕಾ, ಬ್ಯಾಡಂದ್ರ ಈಗ್ಲೂ ಬ್ಯಾಡ್ರಿ. ನಾ ತಗೊಳ್ಳಾಂವಗ ಹೇಳತೇನಿ," ಅಂದ ಇರ್ಫಾನ್.

ನಮ್ಮವರು ಗಾಡಿ ಕೊಡಬೇಡ ಅಂತ ಹೇಳಲು ಕೂತರೋ, ಸರಿ ಮಾಡಿ ಕಳಿಸು ಅಂತ ಕೂತರೋ, ನನಗೆ ತಿಳಿಯಲಿಲ್ಲ. ನಮ್ಮ ಮನೆಯಲ್ಲಿ ಚೈನ್ ನೋಡುವುದು ಅಂದರೆ ಗಾಡಿ ಹೊರಡುತ್ತದೆ ಅಂತಲೇ ಅರ್ಥ. ನೋಡಿದ ಮೇಲೆ ಅವರು ಒಮ್ಮೆಯೂ ಗಾಡಿಯನ್ನು ವಾಪಸು ಗೋಡೆಗೆ ನಿಲ್ಲಿಸಿದವರಲ್ಲ. ಅದೊಂದನ್ನೇ ಹಿಡಿದುಕೊಂಡು ನಾನು ಕೀಲಿಯನ್ನು ಇರ್ಫಾನ್‌ನ ಕೈಗೆ ಕೊಟ್ಟೆ. ಕೊಟ್ಟದ್ದು ಸರಿಯೋ ತಪ್ಪೋ ಇವತ್ತಿಗೂ ಹೇಳಲಾರೆ.

ಕೆಲವು ವರ್ಷಗಳ ನಂತರ ಬಸುವಿಗೆ ಎಲ್ಲವನ್ನೂ ಹೇಳಿದೆ. ದೊಡ್ಡ ನಟ್ಟು ಸಡಿಲ ಇದ್ದಾಗ ಗಾಲಿ ಹಿಂದೆ ಜಾರಿ ಚೈನ್ ಒಮ್ಮೆಲೇ ಬಿಗಿಯಬಹುದು ಅಂದ ಅವನು. "ಸೀಟ್ ಯಾಕ ಇಳೀತು?" ಅಂದೆ. ಬಹಳ ದಿನ ನಿಂತ ಗಾಡಿ, ಸ್ಪ್ರಿಂಗ್ ತುಕ್ಕು ಹಿಡಿದಿರಬಹುದು ಅಂದ. "ಮತ್ತ ಯಾಕ ಎದ್ದಿತು?" ಅಂದೆ. ಬಸು ಚಹಾದ ಕಪ್ಪು ಕೆಳಗಿಟ್ಟು, "ಅದು ನನಗ ಗೊತ್ತಿಲ್ರಿ ವೈನಿ," ಅಂದ. ನನ್ನದೂ ಅದೇ ಉತ್ತರ. ಊಟ ಮಾಡಿರಲಿಲ್ಲ, ಸರಿಯಾಗಿ ನಿದ್ದೆ ಮಾಡಿ ತಿಂಗಳುಗಳಾಗಿದ್ದವು, ತಲೆ ಸುತ್ತಿರಬಹುದು. ಆದರೆ ತಲೆ ಸುತ್ತಿದವಳ ಕೈಯಲ್ಲಿ ಚೈನ್ ಅಷ್ಟು ಸರಿಯಾಗಿ ಹೇಗೆ ಕೂತಿತು?

ಕೆಲವು ಸಲ ಸಿಟ್ಟೂ ಬರುತ್ತದೆ. ಬಂದವರು ಅವರೇ ಆಗಿದ್ದರೆ ಗಾಡಿಗಾಗಿ ಬಂದರು. ಕೂತರು, ನಾನು ಇಳೀರಿ ಅಂದ ಕೂಡಲೇ ಇಳಿದು ಹೋದರು. ಆ ಸೋಮವಾರ ನಾನು ತುಂಬಿದ ಕೊಡ ಹೊತ್ತು ಮನೆಗೆ ಬರುವಷ್ಟರಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಹೋಗಿದ್ದರು. ಹೋಗಿ ಬರುತ್ತೇನೆ ಅನ್ನುವ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ. ಗಾಡಿಯ ಮೇಲೆ ಕೂತಾಗಲೂ ಅವರು ಏನೂ ಅನ್ನಲಿಲ್ಲ.

ಒಂದೇ ಒಂದು ಮಾತು ಆಡಿದ್ದರೆ ಸಾಕಾಗಿತ್ತು. ಆ ಮಾತು ನನಗೆ ಇನ್ನೂ ಸಿಕ್ಕಿಲ್ಲ.