ಎನ್ಸೆನಾಡಾ ಬಸ್ಸಿಗೆ ಉಡುಪಿಯ ಕಂಡಕ್ಟರ್

ಸ್ಯಾನ್ ಡಿಯಾಗೋದಿಂದ ಕ್ರೂಸ್ ಹೊರಟ ನಾವು ಇವತ್ತು ಮೆಕ್ಸಿಕೋದ ಎನ್ಸೆನಾಡಾದಲ್ಲಿ ಇಳಿದೆವು ಕಣ್ರಪ್ಪಾ. ಟೂರ್ ವ್ಯಾನ್ ಬೇಡ, ಸಿಟಿ ಬಸ್ಸೇ ಆಗಬೇಕೆಂದು ನಮ್ಮ ಯಜಮಾನರ ಹಟ. ಬಸ್ಸು ಬಂದ ಕೂಡಲೇ ಹತ್ತಿ, "ನಮ್ಮ ಉಡುಪಿ ಬಸ್ಸಿನ ಹಾಗೇ ಉಂಟು ಮಾರಾಯ್ತಿ" ಎನ್ನುತ್ತ ಬಾಗಿಲಲ್ಲೇ ನಿಂತರು. ಚೀಲ ಹಿಡಿದ ಅಜ್ಜಿಯೊಬ್ಬರು ಮೊದಲು ಹತ್ತಲಿ ಎಂದು ನಾನು ಪಕ್ಕಕ್ಕೆ ಸರಿದೆ. ಅಜ್ಜಿ ಒಳಗೆ ಹೋದದ್ದೇ ತಡ, ಇವರು ಬಸ್ಸಿನ ತಗಡಿಗೆ ಎರಡು ಸಲ ಬಡಿದು "ರೈಟ್" ಎಂದರು. ಬಸ್ಸು ಹೊರಟೇಬಿಟ್ಟಿತು. ನಾನು ಫುಟ್‌ಪಾತಿನಲ್ಲೇ ಉಳಿದೆ.

ಮುಂದಿನ ಸ್ಟಾಪಿನಿಂದ ಏದುಸಿರು ಬಿಡುತ್ತ ಓಡಿಬಂದವರು, "ಕೈ ತನ್ನಷ್ಟಕ್ಕೇ ಹೋಯ್ತು ಮಾರಾಯ್ತಿ" ಎಂದರು.

"ಹೆಂಡತಿ ಹತ್ತಿದಳಾ ಅಂತ ಕಣ್ಣು ತನ್ನಷ್ಟಕ್ಕೇ ನೋಡಲಿಲ್ವಾ?" ಎಂದೆ.

ಸಂಜೆ ಹಡಗಿನೊಳಗೆ ಕಾಲಿಡುವವರೆಗೂ ಅವರ ಬಲಗೈಯನ್ನು ಬಿಡಲಿಲ್ಲ. ನೋಡಿದವರು ಪ್ರೀತಿ ಎಂದುಕೊಂಡಿರಬೇಕು.