ನೀರಿನ ಅಧ್ಯಾಯ

ಅರವತ್ತರ ದಶಕದ ಕೊನೆಯಲ್ಲಿ ನಾವು ಅಮೆರಿಕದ ಆಸ್ಟಿನ್‌ನಲ್ಲಿದ್ದೆವು. ನಮ್ಮ ಯಜಮಾನರು ಪಿಎಚ್.ಡಿ. ಮಾಡುತ್ತಿದ್ದರು. ನಾನು ಮನೆಯಲ್ಲೇ ಕೂತು ವಿದ್ಯಾರ್ಥಿಗಳ ಥೀಸಿಸ್ ಟೈಪ್ ಮಾಡಿಕೊಡುತ್ತಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬ ಜರ್ಮನ್ ಬಡಗಿ, ಐವತ್ತು ದಾಟಿದ, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದ ಮನುಷ್ಯ. ಎರಡನೇ ಮಹಾಯುದ್ಧದಲ್ಲಿ ಆಫ್ರಿಕಾದ ಮರುಭೂಮಿಯಲ್ಲಿ ಕಾದಾಡಿದ ಜರ್ಮನ್ ಸೇನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಟ್ಯುನೀಸಿಯಾದಲ್ಲಿ ಸೆರೆ ಸಿಕ್ಕಿ, ಟೆಕ್ಸಾಸ್‌ನ ಕೈದಿಗಳ ಶಿಬಿರಕ್ಕೆ ಬಂದು ಹತ್ತಿ ಬಿಡಿಸಿದವರು. ಯುದ್ಧ ಮುಗಿದ ಮೇಲೆ ಊರಿಗೆ ಹೋದರೂ ಅಲ್ಲಿ ಕಾಲು ನಿಲ್ಲದೆ ಮತ್ತೆ ಇಲ್ಲಿಗೇ ಬಂದಿದ್ದರು. ತಮ್ಮ ಸೇನೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಅದನ್ನು ಟೈಪ್ ಮಾಡಿಕೊಡಲು ನನ್ನನ್ನು ಕೇಳಿದರು, ಒಪ್ಪಿಕೊಂಡೆ.

ಒಪ್ಪಿದ್ದಕ್ಕೆ ನನ್ನದೇ ಕಾರಣವಿತ್ತು. ನಮ್ಮಪ್ಪ ಹಲಸೂರಿನಿಂದ ಬ್ರಿಟಿಷರ ಪಟಾಲಮ್ಮಿಗೆ ಲಾರಿ ಡ್ರೈವರ್ ಆಗಿ ಹೋಗಿ, ಅದೇ ಮರುಭೂಮಿಯಲ್ಲಿ ಕಾಣೆಯಾದವರು. ಆಗ ನನಗೆ ನಾಲ್ಕು ವರ್ಷ. 'ಕಾಣೆಯಾಗಿದ್ದಾರೆ' ಎಂದು ತಂತಿ ಬಂತೇ ಹೊರತು 'ಸತ್ತಿದ್ದಾರೆ' ಎಂದು ಯಾರೂ ಹೇಳಲಿಲ್ಲ. ಅಮ್ಮ ಕುಂಕುಮ ಅಳಿಸಲಿಲ್ಲ. ಪ್ರತಿ ಭೀಮನ ಅಮಾವಾಸ್ಯೆಗೂ ಅಪ್ಪನ ಹಳೇ ಚಪ್ಪಲಿ ಮಣೆಯ ಮೇಲಿಟ್ಟು ಪೂಜೆ ಮಾಡುತ್ತಿದ್ದಳು.

ಹಲವು ವಾರ ಟ್ಯಾಂಕು, ಪೆಟ್ರೋಲು, ನಕ್ಷೆಗಳಲ್ಲೇ ಕಳೆಯಿತು. ಆಮೇಲೆ ನೀರಿನ ಅಧ್ಯಾಯ ಬಂತು. ಲಿಬಿಯಾದ ತೊಬ್ರೂಕ್ ಬಂದರು ಜರ್ಮನ್ನರ ಕೈಗೆ ಬಿದ್ದ ದಿನಗಳ ಒಂದು ಆಜ್ಞೆ ಅದರಲ್ಲಿತ್ತು. 'ನೀರು ಮೊದಲು ನಮ್ಮ ಸೈನಿಕರಿಗೆ, ಆಮೇಲೆ ನಮ್ಮ ಗಾಡಿಗಳ ರೇಡಿಯೇಟರಿಗೆ, ಉಳಿದರೆ ಸೆರೆಯಾಳುಗಳಿಗೆ.' ಅದರ ಕೆಳಗೆ, ಸೆರೆ ಸಿಕ್ಕ ಭಾರತೀಯ ಡ್ರೈವರುಗಳನ್ನು ಪಶ್ಚಿಮಕ್ಕೆ ನಡೆಸಿಕೊಂಡು ಹೋಗಲಾಯಿತು ಎಂದು ಒಂದೇ ಸಾಲು.

ಹಾಳೆ ಹಿಡಿದುಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಹಲಗೆ ಉಜ್ಜುತ್ತಿದ್ದರು.

"ಇವರಿಗೆ ನೀರು ಉಳಿಯಿತೇ?" ಎಂದೆ.

ಅವರು ಓದಿ, ಉಜ್ಜುಗೊರಡು ಕೆಳಗಿಟ್ಟರು. "ಇಲ್ಲ. ಈ ಆಜ್ಞೆ ಟೈಪ್ ಮಾಡಿದ್ದು ನಾನೇ."

"ಎಷ್ಟು ಜನ ದಾರಿಯಲ್ಲಿ ಬಿದ್ದರು?"

"ಯಾರೂ ಎಣಿಸಲಿಲ್ಲ."

ಅಪ್ಪನ ವಿಷಯ, ಯಾವ ಸೆರೆಶಿಬಿರದ ಪಟ್ಟಿಯಲ್ಲೂ ಅವರ ಹೆಸರು ಸಿಗದಿದ್ದದ್ದು, ಎಲ್ಲ ಹೇಳಿದೆ. ಅವರು ಹಾಳೆಯನ್ನು ಇನ್ನೊಮ್ಮೆ ಓದಿದರು. ಕೊನೆಗೆ, "ಯಾವ ಶಿಬಿರದ ಪಟ್ಟಿಯಲ್ಲೂ ಹೆಸರಿಲ್ಲ ಅಂದರೆ ಶಿಬಿರ ಮುಟ್ಟಲಿಲ್ಲ ಅಂತಲೇ ಅರ್ಥ. ನಿಮ್ಮ ತಾಯಿ ಇನ್ನು ಕಾಯುವುದು ಬೇಡ," ಎಂದರು.

ಮನೆಗೆ ಬಂದು ಆ ಪುಟ ಪೂರ್ತಿ ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಾರನೇ ದಿನ ಅಮ್ಮನಿಗೆ ಕಾಗದ ಬರೆದೆ. ಅವಳ ಕಾಯುವಿಕೆಗೆ ಒಂದು ಕೊನೆ ಸಿಗಲಿ, ಅಷ್ಟೇ ನನ್ನ ಆಸೆ. ತಿಂಗಳಾದ ಮೇಲೆ ಸೋದರಮಾವನ ಉತ್ತರ ಬಂತು. ಅಮ್ಮ ಕಾಗದ ಓದಿಸಿಕೊಂಡು ಎದ್ದು ಹೋಗಿ ಬಳೆ ತೆಗೆದಿಟ್ಟಳಂತೆ, ಹಣೆ ತೊಳೆದುಕೊಂಡಳಂತೆ. "ಅಳಲಿಲ್ಲ ಕಣಮ್ಮ. ಅವತ್ತಿನಿಂದ ಯಾರ ಹತ್ತಿರವೂ ಮಾತಿಲ್ಲ. ಇದನ್ನು ನೀನು ಬರೆಯಬಾರದಿತ್ತು," ಎಂದು ಮಾವ ಬರೆದಿದ್ದರು.

ಆ ಬೇಸಿಗೆಯಲ್ಲೇ ಜರ್ಮನಿಯ ಹಳೆಯ ಜೊತೆಗಾರರೊಬ್ಬರಿಂದ ಪತ್ರ ಬಂದಿದೆ ಎಂದು ಬಡಗಿ ತಿದ್ದಿದ ಪುಟ ತಂದುಕೊಟ್ಟರು. ಭಾರತೀಯ ಡ್ರೈವರುಗಳ ಇನ್ನೊಂದು ಗುಂಪನ್ನು ಬೇರೆ ಬಂದರಿನಿಂದ ಹಡಗು ಹತ್ತಿಸಿ ಇಟಲಿಗೆ ಕಳಿಸಿದ್ದರಂತೆ. ಅವರ ಪಟ್ಟಿ ಕಳೆದುಹೋಗಿತ್ತು. ಅವರಲ್ಲಿ ಯಾರು ಉಳಿದರು, ಯಾರು ಎಲ್ಲಿಗೆ ಹೋದರು, ಗೊತ್ತಿಲ್ಲ.

"ಅವತ್ತು ನಾನು ಅಷ್ಟು ಖಂಡಿತವಾಗಿ ಹೇಳಬಾರದಿತ್ತು," ಎಂದರು. ಮುಖ ನೋಡಲಿಲ್ಲ. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅವರು ಹೇಳಿದ್ದನ್ನು ಏಳು ಸಮುದ್ರದಾಚೆಗೆ ಮುಟ್ಟಿಸಿದವಳು ನಾನೇ.

ಈ ಸುದ್ದಿಯನ್ನು ಅಮ್ಮನಿಗೆ ಬರೆಯಲು ಎಷ್ಟೋ ಸಲ ಕೂತೆ. ಏನೆಂದು ಬರೆಯಲಿ? ಮತ್ತೆ ಬಳೆ ತೊಡು ಎನ್ನಲೇ? ಬರೆಯಲಿಲ್ಲ. ಎರಡು ವರ್ಷಕ್ಕೆ ಅಮ್ಮ ಹೋದಳು. ಆಗ ನಾವು ಡಲ್ಲಾಸ್‌ಗೆ ಶಿಫ್ಟ್ ಆಗಿದ್ದೆವು. ಸುದ್ದಿ ಮುಟ್ಟುವಷ್ಟರಲ್ಲಿ ಹದಿಮೂರನೇ ದಿನವೂ ಕಳೆದಿತ್ತು.

ಬಡಗಿ ಹ್ಯೂಸ್ಟನ್‌ನಲ್ಲಿದ್ದ ಮಗಳ ಮನೆ ಸೇರಿದ್ದರು. ಪುಸ್ತಕವನ್ನು ಯಾರೂ ಅಚ್ಚು ಹಾಕಲಿಲ್ಲವಂತೆ. ಅಮ್ಮ ಹೋದ ಸುದ್ದಿ ತಿಳಿಸಿ ಅವರಿಗೆ ನಾಲ್ಕು ಸಾಲು ಬರೆದೆ. ಉತ್ತರ ಬರಲಿಲ್ಲ.