ಬಿಲ್ಲು ಬರೆಸಿದ ಶಾಸಕರು

…ಅವರ ಒಂದು ಹೆಬ್ಬೆರಳಿಗೆ ಉಗುರಿರಲಿಲ್ಲ, ಅದಂತೂ ನಿಜ. ಆದರೆ ಯಾವ ಕೈಯದು? ಬಲಗೈ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೆ. ಅವರು ತೀರಿಕೊಂಡಾಗ ಬಸ್ ಸ್ಟ್ಯಾಂಡಿನ ಎದುರು ಕಟ್ಟಿದ್ದ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿದ್ದರು. ಉಗುರಿಲ್ಲದ್ದು ಎಡಗೈ ಬೆರಳು. ಪ್ರಿಂಟು ಹಾಕಿದವನು ಫೋಟೊ ತಿರುಗಿಸಿರಬಹುದು. ನಾನೇ ನೆನಪಿನಲ್ಲಿ ತಿರುಗಿಸಿಕೊಂಡಿರಬಹುದು. ಇಂಥದ್ದರಲ್ಲೇ ತಪ್ಪುವವನು ಮಿಕ್ಕದ್ದನ್ನೆಲ್ಲ ಸರಿಯಾಗಿ ಹೇಳುತ್ತಾನೆಂದು ನಂಬಬೇಡಿ.

ಅವರು ನಮ್ಮ ಕಡೆಯ ಶಾಸಕರಾಗಿದ್ದವರು. ಅದಕ್ಕೂ ಮೊದಲು ಮದ್ದೂರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರು. ನಾನು ಮಳವಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಎಲ್ಲಿ ಏನು ಕೊಂಡರೂ ಬಿಲ್ಲು ಕೇಳುವುದು ಅವರ ಚಾಳಿ. ಒಮ್ಮೆ ಮದ್ದೂರಿನ ಹೋಟೆಲಿನಲ್ಲಿ ಅವರ ಎದುರೇ ಕೂತಿದ್ದೆ. ಮಾಣಿ ನಕ್ಕುಬಿಟ್ಟ: "ಒಂದು ವಡೆಗೂ ಬಿಲ್ಲಾ ಸಾರ್?"

"ವಡೇಲಿ ಕಲ್ಲು ಸಿಕ್ಕುದ್ರೆ, ಇವ್ನು ನಮ್ಮಲ್ಲಿ ತಿಂದೇ ಇಲ್ಲ ಅಂತೀಯ ಕಣ್ಲಾ. ಬರ್ಕೊಡು."

ಸುತ್ತ ಕೂತವರೆಲ್ಲ ನಕ್ಕರು. ನಾನೂ ನಕ್ಕೆ.

ನಗು ನಿಂತದ್ದು ಅವರು ಸದನದಲ್ಲಿ ಮಾತಾಡಿದ ಮೇಲೆ. ಬೀಜ, ಗೊಬ್ಬರ, ಔಷಧಿಗೆ ರೈತ ಕೇಳದೆಯೇ ಕನ್ನಡದಲ್ಲಿ ಬಿಲ್ಲು ಕೊಡಬೇಕು, ಅದರಲ್ಲಿ ಚೀಲದ ಮೇಲಿನ ಲಾಟ್ ನಂಬರ್ ಇರಬೇಕು. ಬಿಲ್ಲಿಲ್ಲದ ರೈತ ದೂರು ಕೊಟ್ಟರೆ, 'ನಾನು ಮಾರಿಲ್ಲ' ಎಂದು ಸಾಬೀತು ಮಾಡುವ ಹೊಣೆ ಅಂಗಡಿಯವನ ತಲೆಗೇ ಬರಬೇಕು ಎಂದರು. ನಮ್ಮ ವ್ಯಾಪಾರಿಗಳ ಸಂಘ ಕೆಂಡವಾಯಿತು. ವಿರೋಧದ ಮನವಿ ಬರೆದವನು ಸಂಘದ ಕಾರ್ಯದರ್ಶಿ, ಅಂದರೆ ನಾನು.

ನಮ್ಮ ಅಂಗಡಿಗಳ ಪದ್ಧತಿ ಹೀಗಿತ್ತು. ಬೀಜ ಕೊಂಡವರಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹೆಸರು, ಚೀಲ, ಲಾಟ್ ನಂಬರ್ ಬರೆದು ಚೀಟಿ ಕೊಡುತ್ತಿದ್ದೆವು. ಅವರು ಅದನ್ನು ಗೋಡೌನಿನಲ್ಲಿ ಕೊಟ್ಟು ಚೀಲ ಪಡೆಯಬೇಕು. ಗೋಡೌನಿನವನು ಚೀಟಿಯನ್ನು ತಂತಿಗೆ ಚುಚ್ಚುತ್ತಿದ್ದ. ಚೀಲ ಹೊತ್ತು ಮನೆಗೆ ಹೋದವರ ಕೈಯಲ್ಲಿ ಒಂದು ಚೂರು ಕಾಗದವೂ ಉಳಿಯುತ್ತಿರಲಿಲ್ಲ. ಇದು ಮೋಸವೆಂದು ನಮಗೆ ಅನ್ನಿಸಿರಲೂ ಇಲ್ಲ.

ಆ ವರ್ಷ ಬೆಳಕವಾಡಿ ಕಡೆಯ ಹೆಂಗಸೊಬ್ಬರು ಅಂಗಡಿಗೆ ಬಂದರು. ಕೈಯಲ್ಲಿ ಭತ್ತದ ಎರಡು ಪೈರು. "ನೋಡು ಸಾವ್ಕಾರ, ಒಂದೇ ಗದ್ದೆದು. ಇದು ತೆನೆ ಬಾಗ್ಕೊಂಡದೆ, ಇದು ಇನ್ನೂವೆ ಒಡೇಲೇ ಅದೆ, ತೆನೇನೇ ಈಚೆಗೆ ಬಂದಿಲ್ಲ. ಏನು ಬೆರಕೆ ಕೊಟ್ಟೆ ನಂಗೆ?" ಮಂಡ್ಯದ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ, ಬಿಲ್ಲು ಬರೆದುಕೊಡು ಎಂದರು. ಬರೆದುಕೊಟ್ಟರೆ ಬೀಜದ ಕಂಪನಿಯ ಜೊತೆ ನಾನೂ ಸಿಕ್ಕಿಬೀಳುತ್ತೇನೆ, ಲೈಸೆನ್ಸಿಗೆ ಕುತ್ತು.

"ನಮ್ಮಲ್ಲೇ ತಗೊಂಡ್ರಿ ಅನ್ನೋಕೆ ಏನಿದೆಯಮ್ಮಾ?" ಎಂದೆ.

ಆಕೆ ನನ್ನನ್ನು ನೋಡಿದರು. "ಇಲ್ಲೇ ನಿಂತ್ಕಂಡಿದ್ದೆ ಕಣಪ್ಪ. ನಿನ್ನ ಕೈಲೇ ಚೀಟಿ ಬರ್ದೆ ನೀನು." ಪೈರು ಎತ್ತಿಕೊಂಡು ಹೊರಟುಹೋದರು.

ಆಕೆ ಹೋದಮೇಲೆ ನಾನು ಗೋಡೌನಿಗೆ ಹೋಗಿ ತಂತಿ ಇಳಿಸಿದೆ. ಚೀಟಿ ಸಿಕ್ಕಿತು. ನನ್ನದೇ ಅಕ್ಷರ, ಆಕೆಯ ಹೆಸರು, ಮೂರು ಚೀಲ. ಲಾಟ್ ನಂಬರನ್ನು ಎರಡು ಸಲವೋ ಮೂರು ಸಲವೋ ಓದಿ ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡೆ.

ಮಧ್ಯಾಹ್ನವೇ ಶಾಸಕರು ಬಂದರು. ಹಿಂಬಾಲಕರಿಲ್ಲ, ಆ ಹೆಂಗಸೊಬ್ಬರೇ ಜೊತೆಗೆ. ಗೊಬ್ಬರದ ಚೀಲದ ಮೇಲೆ ಕೂತು, "ತಂತಿ ತಗಂಬಾ" ಎಂದರು. ಗಿರಣಿಯಲ್ಲಿ ಅವರೂ ಇಂಥದೇ ತಂತಿಗೆ ಚೀಟಿ ಚುಚ್ಚಿದವರು. ಒಂದೊಂದೇ ಚೀಟಿ ಸರಿಸಿ ನೋಡತೊಡಗಿದರು. ಅವಸರವಿಲ್ಲ. ಕೊನೆಯ ಚೀಟಿಯವರೆಗೂ ನೋಡಿದರು.

"ನಿನ್ನ ಚೀಟಿ ಇಲ್ಲ ಕಣಕ್ಕ," ಎಂದರು.

ನಾನು ಉಸಿರು ಬಿಟ್ಟೆ. ಅವರು ನನ್ನ ಕಡೆ ತಿರುಗಿದರು. "ಚೀಟಿ ಇಲ್ದಿದ್ರೆ ಏನಾಯ್ತು, ಬರ್ದೋನು ಇಲ್ಲೇ ಅವ್ನೆ. ಬಿಲ್ಲು ಬುಕ್ ತಗಿಲಾ. ಇವತ್ತಿನ ತಾರೀಖೇ ಆಕು, ಸುಳ್ಳು ತಾರೀಖು ಬ್ಯಾಡ. ಅವತ್ತು ಮಾರ್ದೆ, ಬಿಲ್ಲು ಕೊಡ್ಲಿಲ್ಲ, ಅಂತ ಬರಿ."

"ಲೈಸೆನ್ಸ್ ಹೋಯ್ತದೆ ಅಣ್ಣ."

"ಓದ್ರೆ ಓಗ್ಲಿ ಬುಡು. ಅವ್ಳ ಬೆಳೆ ಓಗೈತಲ್ಲ."

"ಮುಂದಿನ ಎಲೆಕ್ಷನ್ನಿಗೆ ನಮ್ಮ ಸಂಘದವರು ನಿಮ್ಮ ಪರ ಒಬ್ಬರೂ ನಿಲ್ಲಲ್ಲ." ಹೀಗೆ ಅಂದೆನೋ, ಅನ್ನಬೇಕೆಂದುಕೊಂಡೆನೋ. ಅಂದೆ ಅಂತಲೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅವರ ಉತ್ತರ ಕಿವಿಯಲ್ಲಿದೆ: "ಓಟು ನೀನಿಟ್ಕೊ. ಬಿಲ್ಲು ಅವ್ಳಿಗೆ ಕೊಡು."

ಬರೆದೆ. ಹೆಸರು, ತಳಿ, ಮೂರು ಚೀಲ, ಲಾಟ್ ನಂಬರ್, ಕೆಳಗೆ ಸಹಿ. ಎಲ್ಲೂ ತಡೆಯಲಿಲ್ಲ. ಬರೆದು ಮುಗಿದ ಮೇಲೆ ಆ ಹೆಂಗಸು ಸೆರಗಿನ ಗಂಟು ಬಿಚ್ಚಿ, ಬೀಜದ ಚೀಲಕ್ಕೆ ಹೊಲಿದಿದ್ದ ಕಂಪನಿಯ ಲೇಬಲ್ ತೆಗೆದರು. ಅಲ್ಲಿಯವರೆಗೆ ಅದನ್ನು ನಾನು ನೋಡಿರಲಿಲ್ಲ. ಶಾಸಕರು ಅದನ್ನು ನನ್ನ ಬಿಲ್ಲಿನ ಪಕ್ಕ ಇಟ್ಟು, ಲಾಟ್ ನಂಬರಿನ ಒಂದೊಂದು ಅಂಕಿಯ ಕೆಳಗೂ ಆ ಉಗುರಿಲ್ಲದ ಹೆಬ್ಬೆರಳು ಸರಿಸಿದರು. ಒಂದೂ ತಪ್ಪಿರಲಿಲ್ಲ.

ಮೂರು ತಿಂಗಳ ಹಿಂದೆ ಮಾರಿದ ಚೀಲದ ನಂಬರು ಯಾವ ಅಂಗಡಿಯವನಿಗೂ ನೆನಪಿರುವುದಿಲ್ಲ.

ಅವರು ತಲೆಯೆತ್ತಿದರು. "ಗ್ಯಾಪ್ಕ ಚೆನ್ನಾಗದೆ ನಿಂಗೆ," ಎಂದರು. ಎದ್ದು ಹೋದರು.

ಆಕೆಗೆ ಆಯೋಗದಲ್ಲಿ ಪರಿಹಾರ ಸಿಕ್ಕಿತು. ನನ್ನ ಲೈಸೆನ್ಸು ಒಂದು ಹಂಗಾಮು ಅಮಾನತಾಯಿತು. ಮುಂದಿನ ಚುನಾವಣೆಯಲ್ಲಿ ಅವರು ಸೋತರು. ನಾನು ಸಂಘದವರ ಜೊತೆ ಅವರ ವಿರುದ್ಧವೇ ಓಡಾಡಿದ್ದೆ. ಸೋಲುವ ಮೊದಲು ಸದನದಲ್ಲಿ ಇನ್ನೊಮ್ಮೆ ಅದೇ ಬೇಡಿಕೆ ಎತ್ತಿದ್ದರು. ಆಗ ಅಂದರಂತೆ: ನಮ್ಮ ಕಡೆ ಒಬ್ಬ ಅಂಗಡಿಯವನು ತನ್ನ ಲೈಸೆನ್ಸ್ ಹೋದೀತೆಂದು ಗೊತ್ತಿದ್ದೂ ತಾನಾಗಿ ಬಿಲ್ಲು ಬರೆದುಕೊಟ್ಟ, ಎಲ್ಲರೂ ಹಾಗಿದ್ದರೆ ಈ ಕಾನೂನೇ ಬೇಕಿರಲಿಲ್ಲ.

ತಾನಾಗಿ. ನನ್ನ ಮಾನ ಉಳಿಸಲು ಹಾಗೆ ಅಂದರೋ, ಅವರ ಮಾತಿಗೆ ಅಂಥ ಒಬ್ಬ ಬೇಕಿದ್ದನೋ? ಅವರಿದ್ದಾಗ ಕೇಳಲಿಲ್ಲ. ಎದುರು ಸಿಕ್ಕಾಗಲೆಲ್ಲ ರಸ್ತೆ ದಾಟಿಬಿಡುತ್ತಿದ್ದೆ. ಅವರು ಬಂದುದರಿಂದ ಬರೆದೆ, ಅಷ್ಟು ಗೊತ್ತು. ಅವರು ಬಾರದೆ ಹೋಗಿದ್ದರೆ ಆ ಸಂಜೆಯೊಳಗೆ ನಾನೇ ಆಕೆಯನ್ನು ಕರೆಸುತ್ತಿದ್ದೆನೋ, ಚೀಟಿಯನ್ನು ಸುಡುತ್ತಿದ್ದೆನೋ, ನನಗೆ ಗೊತ್ತಿಲ್ಲ.